ಕರಿ ತಲೆಯ ಮರಿಗಳು

ಪಕ್ಕದ ಮನೆಯ ಹುಡುಗಿಗೆ ಯಾರೋ ಹುಟ್ಟುಹಬ್ಬಕ್ಕೆಂದು ಎರಡು ಬಿಳಿ ಇಲಿ ಕೊಟ್ಟಿದ್ದಾರೆ. ಮೊನ್ನೆ ಪಂಜರ ಎತ್ತಿ ತಂದು ನನ್ನ ಮುಖದ ಮುಂದೆ ಹಿಡಿದಳು. ಒದ್ದೆ ಕಟ್ಟಿಗೆ ಪುಡಿ, ಇಲಿ ಮೂತ್ರ, ನೆನೆಸಿದ ಕಡಲೆ... ಆ ವಾಸನೆ ಮೂಗಿಗೆ ಬಡಿಯುತ್ತಲೇ ಗೋಡೆ ಹಿಡಿದು ನಿಂತೆ. "ಅಜ್ಜಿಗಿ ಇಲಿ ಅಂದ್ರ ಅಂಜಿಕಿ!" ಎಂದು ನಕ್ಕಳು. ನಗಲಿ ಬಿಡಿ. ಇಲಿಗೆ ಅಂಜುವವಳಾಗಿದ್ದರೆ ನನ್ನ ಬದುಕು ಎಷ್ಟೋ ಸುಸೂತ್ರವಾಗಿ ಸಾಗುತ್ತಿತ್ತು.

ನೆನಪಾದವರು ನಮ್ಮ ಸರ್. ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಬಹಳ ದಿನವಾಗಿರಲಿಲ್ಲ, ನಮ್ಮ ಬೋರ್ಡಿನ ಮೇಲೆ ಇನ್ನೂ ಮೈಸೂರೇ ಇತ್ತು. ಕಾಲೇಜಿನ ಹೆಸರು ಬೇಡ, ಅಲ್ಲಿ ಈಗಿರುವವರು ನನಗೇನೂ ಮಾಡಿಲ್ಲ. ವಾಡಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ, ತಲೆಯ ಮೇಲಿನ ಸಿಮೆಂಟ್ ಧೂಳು ಕೊಡವಿಕೊಳ್ಳುವಷ್ಟರಲ್ಲಿ ಇಳಿಯುವ ಊರು. ಬಿ.ಎಸ್ಸಿ. ಮುಗಿಸಿದ್ದ ನನ್ನನ್ನು ಸರ್ ಅಲ್ಲೇ ಪ್ರಯೋಗಶಾಲೆಯಲ್ಲಿ ಹಂಗಾಮಿ ಕೆಲಸಕ್ಕೆ ಸೇರಿಸಿಕೊಂಡರು.

ಕಾಲೇಜಿನ ಹಿಂದೆ ಫರ್ಸಿ ಕಲ್ಲು ಹಾಸಿದ ಒಂದು ಕೋಣೆ ಇತ್ತು, ನಾವು ಇಲಿಮನೆ ಎನ್ನುತ್ತಿದ್ದೆವು. ಅಲ್ಲಿ ಸರ್ ಒಂದು ಬಿಳಿ ಇಲಿ ತಳಿ ಕಟ್ಟುತ್ತಿದ್ದರು. ಒಂದೇ ಸೂಲಿನ ಅಣ್ಣ ತಂಗಿಯನ್ನು ಕೂಡಿಸುವುದು, ಅವುಗಳ ಮರಿಗಳಲ್ಲಿ ಮತ್ತೆ ಅಣ್ಣ ತಂಗಿಯನ್ನು... ಹೀಗೆ ಇಪ್ಪತ್ತು ತಲೆಮಾರು. ಕೊನೆಗೆ ಎಲ್ಲ ಇಲಿಗಳೂ ಅವಳಿಗಳಂತೆ ಒಂದೇ ಥರ ಆಗುತ್ತವೆ. ಔಷಧಿ ಪರೀಕ್ಷಿಸುವವರಿಗೆ ಅಂಥವೇ ಬೇಕು. "ಹೊರಗಿನ ಗಂಡು ಈ ಹೊಸ್ತಿಲಾ ದಾಟಬಾರದು" ಎಂದು ಸರ್ ಕಂಡಕಂಡವರಿಗೆಲ್ಲ ಸಾರುತ್ತಿದ್ದರು. ನಾನು ಸೇರುವಾಗ ಅರ್ಧ ದಾರಿ ಸಾಗಿತ್ತು.

ಇಲಿಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವರು ಕೊಟ್ಟದ್ದು. ಕೂಡಿಸಿದ ಮರುದಿನ ಬೆಳಗ್ಗೆ ಪಂಜರದ ಕೆಳಗಿನ ತಟ್ಟೆಯಲ್ಲಿ ಮೇಣದಂಥ ಚೂರು ಬಿದ್ದಿದ್ದರೆ ಕೂಡಿವೆ ಎಂದರ್ಥ. ಅಲ್ಲಿಂದ ಮೂರು ವಾರಕ್ಕೆ ಮರಿ. ಮದುವೆಯಾಗದ ಹುಡುಗಿಗೆ ಇದನ್ನು ಹೇಳಿಕೊಡುವಾಗ ಅವರ ಮುಖದಲ್ಲಿ ಒಂದಿಷ್ಟೂ ಮುಜುಗರ ಇರಲಿಲ್ಲ. "ನೋಡವ್ವ, ಇದು ಜ್ವಾಳ ಬಿತ್ತಿದಂಗ. ಬಿತ್ತಿದ ದಿನ ಗೊತ್ತಿದ್ರ ರಾಶಿ ದಿನ ಗೊತ್ತಾಗ್ತದ" ಎಂದರು. ನನ್ನ ನಾಚಿಕೆ ಅಂದೇ ಹೋಯಿತು.

ಬಾಣಂತಿ ಇಲಿಗೆ ಅಪರಿಚಿತ ವಾಸನೆ ಬಂದರೆ ತನ್ನ ಮರಿಗಳನ್ನು ತಾನೇ ತಿಂದುಬಿಡುವುದುಂಟು. ಅದಕ್ಕೇ ಮರಿ ಮುಟ್ಟುವ ಮುಂಚೆ ಆಯಾ ಗೂಡಿನ ಕಟ್ಟಿಗೆ ಪುಡಿಯಲ್ಲೇ ಕೈ ತಿಕ್ಕಿಕೊಳ್ಳುವುದು ನಮ್ಮ ಪದ್ಧತಿ. ಸರ್ ಅತ್ತರು ಬಿಟ್ಟರು. ನಾನು ಪೌಡರ್ ಬಿಟ್ಟೆ, ಮಲ್ಲಿಗೆ ಮುಡಿಯುವುದನ್ನೂ ಬಿಟ್ಟೆ. "ಇಲಿ ಸಲುವಾಗಿ ಹೂವು ಬಿಟ್ಟಾಕಿ ನಮ್ಮ ಮನ್ಯಾಗ ಈಕಿನೇ ಮೊದಲು" ಎಂದು ಅವ್ವ ಓಣಿಗೆಲ್ಲ ಡಂಗುರ ಸಾರಿದಳು.

ಬಣ್ಣದ ಲೆಕ್ಕವೂ ಅವರದೇ ಪಾಠ. ನಮ್ಮ ಬಿಳಿ ಹೆಣ್ಣಿಗೆ ಪಕ್ಕದ ಗೋದಾಮಿನ ಕಾಡಿಲಿ ಕೂಡಿದರೆ ಮರಿಗಳೆಲ್ಲ ಮೈತುಂಬ ಕಂದು. ತಲೆ ಮಾತ್ರ ಕಪ್ಪಗಿರುವ ಸಾಕಿದ ಜಾತಿಯ ಗಂಡು ಕೂಡಿದರೆ ಮರಿಗಳಿಗೂ ಅಪ್ಪನ ಹಾಗೆ ಕರಿ ತಲೆ. ಈ ಪಾಠವನ್ನು ಅವರು ಎಷ್ಟು ಚೆನ್ನಾಗಿ ಹೇಳಿದ್ದರೆಂದರೆ ಇಂದಿಗೂ ಮರೆತಿಲ್ಲ. ಮರೆತಿದ್ದರೆ ಒಳ್ಳೆಯದಿತ್ತು.

ಆ ವರ್ಷ ನನ್ನ ಕೆಲಸ ಕಾಯಂ ಆಗುವುದಿತ್ತು. ಆಗದಿದ್ದರೆ ಮದುವೆ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಬೇಸಿಗೆ ಮುಗಿಯುವಾಗ ವೈದ್ಯಕೀಯ ಕಾಲೇಜಿನವರು ಇಲಿ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಇಲಿಮನೆಯೂ ಉಳಿಯುತ್ತದೆ, ನಿನ್ನ ಕೆಲಸವೂ ಗಟ್ಟಿ ಎಂದು ಸರ್ ಹೇಳಿದ್ದರು. ಆದರೆ ಆ ಸಲದ ಬಿಸಿಲು ಬಿಸಿಲಲ್ಲ, ಬೆಂಕಿ. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದರೂ ಫರ್ಸಿ ಕಾಯುತ್ತಿತ್ತು. ಸೆಕೆ ಹೆಚ್ಚಾದರೆ ಗಂಡಿಲಿ ಕೂಡಿದರೂ ಹೆಣ್ಣು ಬಸಿರಾಗುವುದಿಲ್ಲ. ತಟ್ಟೆಯಲ್ಲಿ ಮೇಣದ ಚೂರು ಬೀಳುತ್ತಿತ್ತು, ಮರಿ ಮಾತ್ರ ಇಲ್ಲ. ಅದರ ನಡುವೆಯೇ ಅಕ್ಕನ ಹೆರಿಗೆಗೆಂದು ನಾನು ಒಂದು ವಾರ ಸೇಡಂಗೆ ಹೋಗಿ ಬಂದೆ.

ಬಂದ ಮೇಲೆ ಎರಡು ಹೆಣ್ಣಿಲಿಗಳ ಹೊಟ್ಟೆ ದಪ್ಪಗಾಯಿತು. ನನಗೆ ಎಷ್ಟು ಖುಷಿ! ಮರಿ ಹಾಕಿ ಒಂದು ವಾರವೂ ಆಗಿರಲಿಲ್ಲ, ಗುಲಾಬಿ ಚರ್ಮದ ತಲೆಗಳ ಮೇಲೆ ಮಸಿ ಒರೆಸಿದಂತೆ ಕಪ್ಪು ಮೂಡಿತು. ಸರ್ ಹತ್ತಿರ ಓಡಿದೆ. ಅವರು ಬಂದು ನೋಡಿ, ಪಂಜರಕ್ಕೆ ಬಟ್ಟೆ ಮುಚ್ಚಿ, "ಯಾರ ಮುಂದೂ ಅನಬ್ಯಾಡವ್ವ. ನಾ ನೋಡ್ಕೋತೀನಿ" ಎಂದರು. ಹೂಂ ಅಂದೆ.

ಸಂಜೆ ಕಾಲೇಜಿನ ಜವಾನ ನನ್ನನ್ನು ಬಾವಿಯ ಹತ್ತಿರ ಕರೆದ. "ಅಕ್ಕೋರೆ, ನೀವು ಸೇಡಂಗಿ ಹ್ವಾದಾಗ ಸಾಹೇಬ್ರು ಹೈದ್ರಾಬಾದಿಂದ ಒಂದು ಗಂಡು ತಂದಿದ್ರು. ತೆಲಿ ಕರ್ರಗಿತ್ತು. ನಾಕು ದಿನ ಇಟ್ಟು ಒಯ್ದ್ರು. ನಾ ಹೇಳ್ದೆ ಅಂತ ಹೇಳಬ್ಯಾಡ್ರಿ, ನೌಕ್ರಿ ಹೋಗ್ತದ."

ಕೇಳಿ ನನಗೆ ಸಿಟ್ಟೇನೂ ಬರಲಿಲ್ಲ. ಮರಿಯಾಗದಿದ್ದಾಗ ದೋಷ ಗಂಡಿನಲ್ಲೋ ಹೆಣ್ಣಿನಲ್ಲೋ ನೋಡಲು ಹೊರಗಿನ ಗಂಡು ಬಿಡುವುದುಂಟು. ಮರಿಗಳ ಗುರುತು ಸಿಗಲಿ ಎಂದೇ ಕರಿ ತಲೆಯದನ್ನು ಆರಿಸಿದ್ದರು. ಮರಿಗಳನ್ನು ತೆಗೆದುಹಾಕಿ ಅದೇ ಹೆಣ್ಣುಗಳನ್ನು ಮತ್ತೆ ಅಣ್ಣಂದಿರ ಜೊತೆ ಬಿಟ್ಟರೆ ತಳಿ ಕೆಡುವುದಿಲ್ಲ. ನನಗೆ ಹೇಳಲಿಲ್ಲವಲ್ಲ ಎಂಬುದಷ್ಟೇ ಬೇಸರ. ಸಾರಿ ಸಾರಿ ಹೇಳಿದ ನೇಮವನ್ನು ತಾವೇ ಮುರಿದದ್ದಕ್ಕೆ ಸಂಕೋಚವೇನೋ ಎಂದುಕೊಂಡೆ. ಅವರ ಪರ ವಾದ ಕಟ್ಟಿದವಳು ನಾನೇ.

ವೈದ್ಯಕೀಯ ಕಾಲೇಜಿನವರು ಹೇಳಿದ್ದಕ್ಕಿಂತ ಮೊದಲೇ ಬಂದರು. ಬಟ್ಟೆ ಸರಿಸಿದರು, ಮರಿ ನೋಡಿದರು. ಪ್ರಿನ್ಸಿಪಾಲರ ಕೋಣೆಗೆ ನನಗೆ ಕರೆ ಬಂತು. ಸರ್ ಅಲ್ಲೇ ಕುಳಿತಿದ್ದರು. ಅವರ ಒಂದು ಮಾತು ಸಾಕಿತ್ತು, 'ಆ ಗಂಡನ್ನು ನಾನೇ ಪರೀಕ್ಷೆಗೆ ಬಿಟ್ಟಿದ್ದೆ' ಎಂಬ ಒಂದು ಮಾತು. ಅವರು ಹೇಳಿಯೇ ಹೇಳುತ್ತಾರೆ ಎಂದು ನಾನು ನೆಮ್ಮದಿಯಿಂದ ನಿಂತಿದ್ದೆ.

"ಇವರು ಊರಿಗಿ ಹೋಗಾಗ ಪಂಜರದ ಮುಚ್ಚಳ ಸರಿಯಾಗಿ ಹಾಕಿದ್ದಿಲ್ಲ ಕಾಣ್ತದ್ರಿ. ಗೋದಾಮಿನ ಇಲಿ ಹೊಕ್ಕದ" ಎಂದರು ಸರ್.

ಅವ್ವಾ ಎನ್ನುತ್ತಿದ್ದವರು ಅಂದು 'ಇವರು' ಎಂದರು. "ಸರ್, ಗೋದಾಮಿನ ಇಲಿಗಿ ಹುಟ್ಟಿದ್ರ ಮೈತುಂಬ ಕಂದು ಇರ್ತಿದ್ವಲ್ರಿ... ನೀವೇ ಕಲಿಸಿದ್ರಿ" ಎಂದೆ. ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಪ್ರಿನ್ಸಿಪಾಲರು, "ತಪ್ಪು ಮಾಡಿ ಗುರುಗಳಿಗೇ ಪಾಠ ಹೇಳ್ತೀರೇನ್ರಿ?" ಎಂದು ಗದರಿದರು. ಬಾಗಿಲಲ್ಲಿ ನಿಂತಿದ್ದ ಜವಾನ ನೆಲ ನೋಡಿದ. ಅವನ ಹೆಸರು ನನ್ನ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಆಡಲಿಲ್ಲ.

ಕೆಲಸ ಹೋಯಿತು. ಇಲಿಮನೆಗೂ ಬೀಗ ಬಿತ್ತು. ಇಲಿಗಳನ್ನು ಏನು ಮಾಡಿದರೋ... ಕೇಳಲಿಲ್ಲ. ಚಿತ್ತಾಪುರದ ಮನೆತನಕ್ಕೆ ಸೊಸೆಯಾಗಿ ಹೋದೆ. ಗಂಡ ಒಳ್ಳೆಯವನು, ಆ ದೂರು ಇಲ್ಲ. ಆದರೆ ಸರ್ ಮಾಡಿದ್ದು ಮೋಸ. ಇಷ್ಟು ವರ್ಷದಲ್ಲಿ ಅದಕ್ಕೆ ಬೇರೆ ಮೆತ್ತನೆಯ ಹೆಸರು ನನಗೆ ಸಿಕ್ಕಿಲ್ಲ.

ಹೋದ ತಿಂಗಳು ಅವರ ಮಗ ಫೋನ್ ಮಾಡಿದ್ದ. ಸರ್ ತೀರಿಕೊಂಡು ವರ್ಷವಾಯಿತಂತೆ. "ಅಪ್ಪಾರ ನೆನಪಿಗಿ ಒಂದು ಪುಸ್ತಕ ತರಾಕತ್ತೀವ್ರಿ. ನಿಮ್ಮನ್ನ ಭಾಳ ನೆನೆಸ್ತಿದ್ರು. ಮದುವಿ ಆಗಿ ಕೆಲಸ ಬಿಟ್ಟು ಹ್ವಾದ್ಳು, ಇಲ್ಲಂದ್ರ ಭಾಳ ದೊಡ್ಡಾಕಿ ಆಗ್ತಿದ್ಳು ಅಂತಿದ್ರು. ನಾಕು ಸಾಲು ಬರೀರಿ."

ಮನೆಯವರ ಮುಂದೆಯೂ ಸುಳ್ಳೇ ಹೇಳಿದ್ದಾರೆ!

"ನಾನಾಗಿ ಬಿಟ್ಟಿಲ್ಲಪ್ಪ" ಎಂದೆ.

"ಮತ್ತ ಯಾಕ ಬಿಟ್ರಿ?"

ದನಿ ಥೇಟ್ ಸರ್ ಅವರದೇ. ತಂದೆಯನ್ನು ಕಳೆದುಕೊಂಡ ಮಗನಿಗೆ ಏನು ಹೇಳಲಿ? ಹೇಳಿದರೂ ನಂಬಬೇಕೆಂದೇನಿದೆ? ಬರೆಯುತ್ತೇನೆ ಎಂದು ಫೋನ್ ಇಟ್ಟೆ, ಬರೆದದ್ದು ಇದು, ಅವನಿಗೆ ಕಳಿಸುವುದಿಲ್ಲ. ಜವಾನ ತೀರಿಹೋಗಿ ಎಷ್ಟೋ ವರ್ಷವಾಯಿತು. ತಪ್ಪು ನನ್ನದಲ್ಲ ಎಂದು ಸರಿಯಾಗಿ ಗೊತ್ತಿದ್ದವರು ಸರ್ ಒಬ್ಬರೇ ಉಳಿದಿದ್ದರು. ಈಗ ಅವರೂ ಇಲ್ಲ.