ಅತ್ತೆ ಕೇಳಿದ ಫಿಲ್ಮು

ಹಾಸನದ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಮ್ಯಾಮೊಗ್ರಾಂ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಾಗ, ರಾಮನಾಥಪುರದ ಅರ್ಚಕರ ಮನೆಯ ಸೊಸೆಯೊಬ್ಬರು ಸ್ತನದಲ್ಲಿ ನೋವೆಂದು ಅತ್ತೆಯ ಜೊತೆ ಬಂದರು. “ಪೌಡರ್ ಹಚ್ಚಿಲ್ಲ ತಾನೆ?” ಎಂದು ಕೇಳಿದ್ದಕ್ಕೆ ಇಬ್ಬರೂ ಇಲ್ಲವೆಂದರು.

ಫಿಲ್ಮು ತೊಳೆದು ನೋಡಿದರೆ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಕ್ಯಾನ್ಸರ್ ಶುರುವಾಗುವಾಗ ಸುಣ್ಣದ ಕಣಗಳು ಹೀಗೇ ಕಾಣುವುದುಂಟು. ಡಾಕ್ಟರು ಅಲ್ಟ್ರಾಸೌಂಡ್ ಮಾಡಿದರು, ಗಂಟಿರಲಿಲ್ಲ. ಆದರೆ ಅಷ್ಟು ಸಣ್ಣ ಕಣ ಅಲ್ಟ್ರಾಸೌಂಡಿಗೆ ಸಿಗುವುದು ಕಷ್ಟ. “ಸೂಜಿ ಪರೀಕ್ಷೆಗೆ ಮೈಸೂರಿಗೆ ಹೋಗಿ” ಎಂದರು. ಸೊಸೆ ಅಳತೊಡಗಿದರು.

ಅಲ್ಟ್ರಾಸೌಂಡಿಗೆಂದು ಅವರ ಮೈಗೆ ಹಚ್ಚಿದ್ದ ಜೆಲ್ಲನ್ನು ನಾನು ಬಟ್ಟೆಯಿಂದ ಒರೆಸಿದೆ. ಬಟ್ಟೆಯೆಲ್ಲ ಬೂದಿ ಬಣ್ಣ!

“ಏನಮ್ಮಾ ಇದು?”

“ವಿಭೂತಿ ಕಣಮ್ಮ,” ಎಂದರು ಅತ್ತೆ. “ಮೆಷಿನ್ನಿಗೆ ಕೊಡೋ ಮುಂಚೆ ರಕ್ಷೆ ಇರ್ಲಿ ಅಂತ ನಾನೇ ಬಳಿದೆ. ನೀನು ಕೇಳಿದ್ದು ಪೌಡರ್ ತಾನೆ?”

ರೇಗಿಹೋಯಿತು. ಸೋಪು ಹಚ್ಚಿ ತೊಳೆಸಿ ಮತ್ತೆ ತೆಗೆದೆ. ಒಂದು ಚುಕ್ಕೆಯೂ ಇಲ್ಲ. “ನೋಡಿ, ಅಷ್ಟೂ ನಿಮ್ಮ ವಿಭೂತಿಯದೇ!” ಎಂದು ಗದರಿದೆ.

ಅತ್ತೆ ಕಣ್ಣರಳಿಸಿದರು. “ಅಂದ್ರೆ ವಿಭೂತೀಲಿ ಏನೋ ಇದೆ ಅಂತ ನಿಮ್ಮ ಮೆಷಿನ್ನೇ ಒಪ್ಕೊಂಡಂಗಾಯ್ತು!”

ಮೊದಲಿನ ಫಿಲ್ಮನ್ನು ದೇವರ ಮನೆಯಲ್ಲಿಡಲು ಕೇಳಿ ಇಸಿದುಕೊಂಡು, ಸೊಸೆಯ ಕೈಹಿಡಿದು ಹೊರಟೇಬಿಟ್ಟರು. ಹೊಸದು ಮೇಜಿನ ಮೇಲೇ ಇತ್ತು. ಕೂಗಿ ಕರೆದೆ.

“ಬಿಡಮ್ಮ,” ಎಂದರು ಬಾಗಿಲಿನಿಂದಲೇ, “ಅದ್ರಲ್ಲಿ ಏನೂ ಇಲ್ವಲ್ಲ.”