ಮೈಲಿಗೆಯಾಗದ ಹಾಸು

ಹುಣಸೂರಿನ ಕಾಫಿ ಕಾರ್ಖಾನೆಯಲ್ಲಿ ಹೆಂಗಸರು ಬೀಜ ಆರಿಸುವಾಗ ಅವರ ಕೂಸುಗಳು ಪಕ್ಕದ ಕಲ್ಲುಚಪ್ಪಡಿಯ ಮೇಲೆ ಆಡುತ್ತಿದ್ದವು. ಆಗತಾನೆ ನಡೆಯಲು ಕಲಿತ ಮಗುವೊಂದು ಬಿದ್ದು ಹಣೆ ಒಡೆದುಕೊಂಡಿತು. ಕೂಲಿಕಾರರ ಸಂಘದವನಾದ ನಾನು ಧಣಿಯ ಬಾಗಿಲಲ್ಲಿ ಕೂತು ಜಗಳವಾಡಿ, ಹತ್ತಿ ತುಂಬಿದ ದೊಡ್ಡ ಹಾಸಿಗೆಯನ್ನು ಗಿಟ್ಟಿಸಿ ಅಲ್ಲಿ ಹಾಸಿದೆ. ಗೆದ್ದೆನೆಂದು ಬೀಗಿದೆ.

ತಾಯಂದಿರು ಓಡಿಬಂದು ಕೂಸುಗಳನ್ನು ಎತ್ತಿ ಮತ್ತೆ ಕಲ್ಲಿನ ಮೇಲೇ ಬಿಟ್ಟರು. ಹಣೆ ಒಡೆದ ಮಗುವಿನ ತಾಯಿಯೂ ಹಾಗೇ ಮಾಡಿದಳು! ನಾನು ದಂಗಾದೆ.

"ಯಾಕವ್ವ?" ಎಂದು ಅವಳನ್ನೇ ಕೇಳಿದೆ.

"ಎಲ್ಲಾ ಜಾತಿ ಕೂಸೂ ಕೂತ್ರೆ ಹತ್ತಿ ಮೈಲಿಗೆ ಆಯ್ತದೆ ಕಣ್ರಪ್ಪ. ಕಂಬಳಿ ತಂದಾಕಿ. ಉಣ್ಣೆಗೆ ಮೈಲಿಗೆ ಇಲ್ಲ."

"ಕಲ್ಲಿನ ಮೇಲೆ ಒಟ್ಟಿಗೇ ಆಡ್ತಾವಲ್ಲ?"

"ಕಲ್ಲು ತೊಳುದ್ರೆ ಆಯ್ತು. ಕೂಸಿಗೆ ಯಾವ ಜಾತಿ ಬುಡಿ, ಆಸ್ಗೆಗೆ ಐತೆ!"

ಹಲ್ಲು ಕಡಿಯುತ್ತ ಕುರುಬರ ಬೀದಿಯಿಂದ ದಪ್ಪ ಕಂಬಳಿ ತಂದು ಮಡಿಸಿ ಹಾಸಿದೆ. ಆ ಚುಚ್ಚುವ ಕಂಬಳಿಯ ಮೇಲೆ ಎಲ್ಲ ಜಾತಿಯ ಕೂಸುಗಳೂ ಒಂದರ ಮೇಲೊಂದು ಬಿದ್ದು ಉರುಳಾಡಿದವು. ಮಂಡಿಗಳು ಕೆಂಪಾದವು, ಹಣೆಗಳು ಉಳಿದವು.

ಹತ್ತಿಯ ಹಾಸಿಗೆಯ ಮೇಲೆ ಧಣಿಯ ನಾಯಿ ಮಲಗತೊಡಗಿತು. ಅದರ ಜಾತಿಯನ್ನು ಯಾರೂ ಕೇಳಲಿಲ್ಲ.