ಮಹಡಿಯ ಹುಡುಗನ ತಾಯಿಗೆ ಕಟ್ಟಿದ ಉಡಿ

ಮೊನ್ನೆ ಎಸ್.ಎಸ್. ಬಡಾವಣೆಯ ನೆಂಟರ ಮನೆಗೆ ಸೀಮಂತಕ್ಕೆ ಹೋಗಿ ಬಂದ ನನ್ನ ಮೊಮ್ಮಗಳು, ಅಲ್ಲಿ ತುಂಬಿದ ಉಡಿಯನ್ನು ಸೆರಗಿನಿಂದ ಬಿಚ್ಚಿ ನನ್ನ ಮಂಚದ ಮೇಲೆ ಸುರುವಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು, ಒಂದು ಹೊಸ ಕುಬಸದ ಖಣ. ಕೊಬ್ಬರಿಯ ವಾಸನೆಯೂ ಹೊಸ ಬಟ್ಟೆಯ ಗಂಜಿ ವಾಸನೆಯೂ ಬೆರೆತು ಮೂಗಿಗೆ ಬಂತು ನೋಡಿ, ಅಷ್ಟೇ... ನಾನು ಹಳೇಪೇಟೆಯ ನಮ್ಮ ಪಡಸಾಲೆಯಲ್ಲಿದ್ದೆ. ಎದುರಿಗೆ ಮಹಡಿಯ ಹುಡುಗ ನಿಂತಿದ್ದ.

ಅವನನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದುದು. ಆಫ್ರಿಕದ ನೈಜೀರಿಯಾದವನು. ಅರವತ್ತರ ದಶಕದ ಮಾತು. ಹೊಸದಾಗಿ ಸ್ವತಂತ್ರವಾದ ದೇಶಗಳ ಹುಡುಗರಿಗೆಂದು ವಿಶ್ವವಿದ್ಯಾಲಯದವರು ಕೆಲವು ಸೀಟು ತೆಗೆದಿಟ್ಟು, ಫೀಸು ಬಿಟ್ಟು ಓದಿಸುತ್ತಿದ್ದ ಕಾಲ. ಹಾಗೆ ಅವನು ದಾವಣಗೆರೆಗೆ ಸೇತುವೆ ಕಟ್ಟುವ ವಿದ್ಯೆ ಕಲಿಯಲು ಬಂದ. ಹಾಸ್ಟೆಲಿನ ಹುಡುಗರು ಅವನ ಕೂದಲು ಮುಟ್ಟಿ ನೋಡಲು ದಿನವೂ ಮುತ್ತಿಕೊಂಡು ಓದಲು ಬಿಡುತ್ತಿರಲಿಲ್ಲವಂತೆ. ಪ್ರಿನ್ಸಿಪಾಲರು ನಮ್ಮ ಮಾವನವರ ಬಟ್ಟೆ ಅಂಗಡಿಗೆ ಬಂದು ಕೂತರು.

"ಮಹಡಿ ಖಾಲಿ ಐತಲ್ರೀ ಸಾವ್ಕಾರ್ರೇ, ಒಬ್ಬ ಹುಡುಗನ್ನ ಇಟ್ಕೊಳ್ರಿ."

"ನಮ್ದು ಲಿಂಗವಂತರ ಮನಿ. ಅವ ಏನು ಉಣ್ತಾನೋ ಏನೋ."

"ನೀವು ಬಡಿಸಿದ್ದು ಉಣ್ತಾನ್ರಿ. ಅದಕ್ಕೆ ನಾ ಜವಾಬ್ದಾರಿ."

ಬಂದ ಸಂಜೆ ಅತ್ತೆ ಮಂಡಕ್ಕಿ ಒಗ್ಗರಣೆಯ ಜೊತೆ ಮೆಣಸಿನಕಾಯಿ ಬಜ್ಜಿ ಇಟ್ಟರು. ಪಾಪ, ಪರದೇಶದ ನಾಲಿಗೆ, ಖಾರ ತಡೆಯಲಿಕ್ಕಿಲ್ಲವೆಂದು ಪಕ್ಕದಲ್ಲೇ ಮಜ್ಜಿಗೆಯ ತಂಬಿಗೆ. ಅವನು ಮಜ್ಜಿಗೆ ಮುಟ್ಟಲಿಲ್ಲ. ಬಜ್ಜಿ ಮುಗಿಸಿ, ಇನ್ನೂ ನಾಲ್ಕು ಬೇಕೆಂದು ಕೈ ತೋರಿಸಿದ. ಅತ್ತೆ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕು ಮಾವನವರಿಗೆ ಹೇಳಿದರು: "ನೋಡ್ರಿ, ಇವ ನಿಮ್ಮ ಬಳಗದೋನೇ ಇರಬೇಕು!" ಅಂದಿನಿಂದ ಅವರು ಅವನಿಗೆ ಅವ್ವ ಆದರು.

ನಾನು ಕಿರಿ ಸೊಸೆ. ಎಸ್.ಎಸ್.ಎಲ್.ಸಿ. ಓದಿದ್ದೆನಾದ್ದರಿಂದ ಅವ್ವ-ಮಗನ ನಡುವಿನ ಮಾತೆಲ್ಲ ನನ್ನ ಬಾಯಿಯಿಂದಲೇ ಹಾಯಬೇಕು. ಭಾನುವಾರ ಬಂದರೆ ಅವನು ಬಸ್ಸು ಹಿಡಿದು ಹರಿಹರಕ್ಕೆ ಹೋಗಿ ತುಂಗಭದ್ರೆಯ ದಂಡೆಯಲ್ಲಿ ಕೂತು ಬರುತ್ತಿದ್ದ. ತಮ್ಮೂರಿನ ಹೊಳೆ ಇದಕ್ಕಿಂತ ದೊಡ್ಡದು ಎಂದು ಒಮ್ಮೆ ಅವನೆಂದರೆ, ಮಾವನವರು, "ಎಲ್ಲರ ಊರ ಹೊಳಿನೂ ದೊಡ್ಡದೇ ಇರ್ತೈತೆ ಬಿಡಪ" ಎಂದಿದ್ದರು.

ಆಮೇಲೆ ಅವನ ದೇಶದಲ್ಲಿ ಯುದ್ಧ ಶುರುವಾಯಿತು. ಅವನ ಸೀಮೆಯವರು ಬೇರೆ ದೇಶವಾಗುತ್ತೇವೆಂದು ಎದ್ದು ನಿಂತಿದ್ದರು. ಅವನ ಅಪ್ಪ ಶಾಲೆಯ ಮಾಸ್ತರು, ತಪ್ಪದೆ ಕಾಗದ ಬರೆಯುತ್ತಿದ್ದರು. ಆ ಕಾಗದಗಳು ನಿಂತವು. ಮನೆಯವರು ಹೇಗಿದ್ದಾರೆಂದು ಯಾರು ಕೇಳಿದರೂ ಅವನು "ಚೆನ್ನಾಗಿದಾರೆ" ಅನ್ನುತ್ತಿದ್ದ. ಅಷ್ಟಂದು ಮಹಡಿ ಹತ್ತಿಬಿಡುತ್ತಿದ್ದ. ಎರಡನೇ ಮಾತು ಕೇಳಲು ನಮಗೂ ಬಾಯಿ ಬರುತ್ತಿರಲಿಲ್ಲ.

ಅವನ ಕೊನೆಯ ಪರೀಕ್ಷೆ ಮುಗಿದಿತ್ತು. ಯುದ್ಧ ನಿಲ್ಲುವ ತನಕ ಅವನು ಊರಿಗೆ ಹೋಗುವುದು ಬೇಡ, ಮುಂದಿನ ಓದಿಗೆ ಸೀಟು ಕೊಡುತ್ತೇವೆ, ಖರ್ಚು ನಮ್ಮದು ಎಂದು ವಿಶ್ವವಿದ್ಯಾಲಯದವರು ತೀರ್ಮಾನಿಸಿದರು. ಇದನ್ನು ಹೇಳಲು ಪ್ರಿನ್ಸಿಪಾಲರೇ ನಮ್ಮ ಮಹಡಿ ಹತ್ತಿ ಬಂದರು. ಕಾಲೇಜಿನ ಹುಡುಗರು ಆ ದೇಶದ ನಿರಾಶ್ರಿತರಿಗೆಂದು ಅಂಗಡಿ ಅಂಗಡಿ ತಿರುಗಿ ಬಟ್ಟೆ ಎತ್ತಿದರು. ಅವನು ಉಳಿಯಲು ಒಪ್ಪಿದ. ಅತ್ತೆ ಅವತ್ತು ಹೋಳಿಗೆ ಮಾಡಿದರು.

ಅಷ್ಟರಲ್ಲಿ, ಮುಂಬಯಿಯಲ್ಲಿ ಓದುತ್ತಿದ್ದ ಅವನ ಊರಿನ ಗೆಳೆಯನೊಬ್ಬ ಹೇಗೋ ದಾರಿ ಮಾಡಿಕೊಂಡು ಊರು ಸೇರುತ್ತೇನೆಂದು ಹೊರಟಿರುವ ಸುದ್ದಿ ಬಂತು. ಅತ್ತೆ ಸುಮ್ಮನೆ ಇರುವವರಲ್ಲ. "ಹೆತ್ತ ಮಗನ್ನ ನಮ್ಮ ಮನ್ಯಾಗೆ ಬಿಟ್ಟಾಳೆ. ಆಕಿಗೆ ಒಂದು ಉಡಿ ಕಳಿಸಬ್ಯಾಡವೇನು?" ಎಂದು ಶ್ರಾವಣ ಶುಕ್ರವಾರ ಎಲ್ಲ ಹರವಿಕೊಂಡು ಕೂತರು. ಖಣ, ಅಕ್ಕಿ, ಕೊಬ್ಬರಿ, ಹಸಿರು ಬಳೆ. ಕುಂಕುಮದ ಬಟ್ಟಲಿಗೆ ಹಾಕಿದ ಕೈಯನ್ನು ಹಾಗೇ ತಡೆದರು. ಮುತ್ತೈದೆಗಾದರೆ ಕುಂಕುಮ, ಬಳೆ. ಗಂಡನಿಲ್ಲದವಳಿಗೆ ಆಗ ಅವನ್ನು ಇಡುತ್ತಿರಲಿಲ್ಲ.

"ಕೇಳು ಅವನ್ನ. ಅವರಪ್ಪಾರು ಅದಾರೇನು ಅಂತ."

ನಾನು ಕೇಳಿದೆ. ಯಾಕೆ ಎಂದ. ಕುಂಕುಮದ ವಿಷಯ ಬಿಡಿಸಿ ಹೇಳಿದೆ. ಅವನು ಬಳೆಯೊಂದನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟ. ಆಮೇಲೆ ಕನ್ನಡದಲ್ಲೇ ಹೇಳಿದ:

"ಗೊತ್ತಿಲ್ಲ, ಅವ್ವ."

ಅಷ್ಟು ತಿಂಗಳು ಚೆನ್ನಾಗಿದಾರೆ ಎನ್ನುತ್ತಿದ್ದವನ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತು ಬಂದಿದ್ದು ಅದೇ ಮೊದಲು... ಮುಂದಿನ ವಾರ, ಗೆಳೆಯನ ಜೊತೆ ತಾನೂ ಹೊರಡುತ್ತೇನೆಂದ. ಪ್ರಿನ್ಸಿಪಾಲರು ಬಂದು ಬೇಡವೆಂದು ಹೇಳಿದರು, ಮಾವನವರು ಗದರಿದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಪೆಟ್ಟಿಗೆ ಕಟ್ಟಿದ. ಮಾವನವರ ಸಿಟ್ಟೆಲ್ಲ ಅತ್ತೆಯ ಮೇಲೆ ಇಳಿಯಿತು: "ಯೂನಿವರ್ಸಿಟಿಯೋರು ಕೂತು ಉಳಿಸ್ಕೊಂಡ ಹುಡುಗನ್ನ ನೀ ಒಂದು ಚಿಟಿಕಿ ಕುಂಕುಮಕ್ಕೆ ಕಳಿಸಿಬಿಟ್ಟಿ ನೋಡು."

ಮುಂಬಯಿಯ ಗೆಳೆಯನನ್ನು ಕೂಡಿಕೊಳ್ಳಲು ಅವನು ಹತ್ತಿದ ಪುಣೆ ಕಡೆಯ ರೈಲಿನಲ್ಲಿ ಹರಿಹರದ ತನಕ ನಾವೂ ಹೋದೆವು. ಸ್ಟೇಷನ್ನಿನಲ್ಲಿ ಇಳಿದ ಮೇಲೆ ಅತ್ತೆ ಕಿಟಕಿಯ ಮೂಲಕ ಉಡಿಯ ಗಂಟು ಕೊಟ್ಟರು. ಕುಂಕುಮ, ಬಳೆ ಬೇರೆ ಪೊಟ್ಟಣದಲ್ಲಿದ್ದವು.

"ನಿಮ್ಮಪ್ಪ ಇದ್ರೆ ಇದನ್ನೂ ಕೊಡು. ಇಲ್ಲಾಂದ್ರೆ... ಹೊಳಿಗೆ ಬಿಡು. ನಿಮ್ಮವ್ವಗೆ ತೋರಿಸಬ್ಯಾಡ."

ನಾನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದೆ. ಅವನು ಬೇಡವೆಂದು ತಲೆಯಾಡಿಸಿದ. ತಿಳಿದಿತ್ತು. ರೈಲು ಹೊರಟು ಸೇತುವೆಯ ಮೇಲೆ ಹೋಯಿತು. ಕೆಳಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು.

ಅವನಿಂದ ಕಾಗದ ಬರಲಿಲ್ಲ. ಆ ದೇಶದಲ್ಲಿ ಅನ್ನವಿಲ್ಲದೆ ಎಲುಬಾದ ಮಕ್ಕಳ ಚಿತ್ರಗಳು ಪೇಪರಿನಲ್ಲಿ ಬರತೊಡಗಿದಾಗ, ಮಾವನವರು ಅಂಗಡಿಯಲ್ಲಿ ಓದಿದ ಪೇಪರನ್ನು ಮನೆಗೆ ತರುವುದನ್ನೇ ಬಿಟ್ಟರು. ಯುದ್ಧ ಮುಗಿದ ಮೇಲೆ ಕಾಲೇಜಿನವರು ಬರೆದು ಕೇಳಿದರಂತೆ. ಉತ್ತರವಿಲ್ಲ. ಮಹಡಿಯನ್ನು ಮತ್ತೆ ಯಾರಿಗೂ ಕೊಡಲು ಅತ್ತೆ ಒಪ್ಪಲಿಲ್ಲ.

ಕೆಲವು ವರ್ಷಗಳ ಮೇಲೆ ಮಾವನವರು ತೀರಿಕೊಂಡರು. ಬಳೆಯಿಲ್ಲದ ಬರಿಗೈಯಲ್ಲಿ ಗೋಡೆಗೊರಗಿ ಕೂತಿದ್ದ ಅತ್ತೆ ಒಂದು ಮಧ್ಯಾಹ್ನ, ಯಾರೂ ಏನೂ ಕೇಳದಿದ್ದರೂ, ನನಗೆ ಹೇಳಿದರು: "ಆ ಹುಡುಗನ ಅವ್ವಗೆ ನಾ ಎರಡು ಗಂಟು ಯಾಕ ಮಾಡಿದ್ನೋ... ಎಲ್ಲಾ ಒಂದ್ರಾಗೇ ಕಟ್ಟಬೇಕಿತ್ತು."

ಇದಿಷ್ಟನ್ನೂ ಮೊನ್ನೆ ಮೊಮ್ಮಗಳಿಗೆ ಹೇಳಿದೆ. ಅವಳು ಮಂಚದ ಮೇಲೆ ಕಾಲು ಮಡಚಿ ಕೂತು ಕೇಳಿದಳು. ಮುಗಿದ ಮೇಲೆ ಫೋನು ತೆಗೆದಳು.

"ಹೆಸರು ಹೇಳಜ್ಜಿ. ಈಗೆಲ್ಲಾ ಸಿಗ್ತಾರೆ. ಇದಾರೋ ಇಲ್ವೋ ಒಂದು ನಿಮಿಷದಾಗೆ ಗೊತ್ತಾಗುತ್ತೆ."

ಹೆಸರು ನಾನು ಮರೆತಿಲ್ಲ. ಅವನು ಕಲಿಸಿದ ಹಾಗೇ, ಅವರ ಊರಿನವರು ಎಳೆದು ಕರೆಯುವ ಹಾಗೇ ಇವತ್ತೂ ಹೇಳಬಲ್ಲೆ. ಅವಳು ಬೆರಳೆತ್ತಿಕೊಂಡು ಕಾಯುತ್ತಿದ್ದಳು.

"ಬ್ಯಾಡ ಬಿಡವ್ವ," ಅಂದೆ. "ಗೊತ್ತಾಗೋದು ಬ್ಯಾಡ."